ಐದು ಗಂಟೆಯವರೆಗಿನ ಮನೆ

ನನ್ನ ಕರಾರಿನಲ್ಲಿ ಹತ್ತು ದಿನಗಳ ಅವಕಾಶವಿತ್ತು. ಹತ್ತನೆಯ ದಿನ ಸಂಜೆ ಐದರೊಳಗೆ ‘ಬೇಡ’ ಎಂದು ಸಹಿ ಹಾಕಿದರೆ ಮನೆ ಮಾರುವವರಿಗೇ ಉಳಿಯುತ್ತದೆ. ಏನೂ ಹೇಳದೆ ಸುಮ್ಮನಿದ್ದರೆ ಕೊಂಡಂತೆ. ಟೆಕ್ಸಸ್‌ನಲ್ಲಿ ಮನೆ ಕೊಳ್ಳುವುದು ಹೀಗೆ. ಹತ್ತನೆಯ ದಿನ ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ಬಿತ್ತು. ‘ಬೇಡ’ ಎನ್ನಲು ನಾನು ನನ್ನೂರು ವಿಕ್ಟೋರಿಯಾದಿಂದ ಕಾರಿನಲ್ಲಿ ಹೊರಟೆ.

ಫೋನಿನಲ್ಲೇ ಮುಗಿಸಬಹುದಿತ್ತು. ಆದರೆ ಆ ಮನೆಯನ್ನು ಆರಿಸಿದ್ದು ನನ್ನ ಗಂಡ ಗಾರ್ಲನ್. ಪ್ರತಿ ಮಾರ್ಚ್‌ನಲ್ಲಿ ನಾಲ್ಕು ದಿನ ನಾವು ಆ ಕರಾವಳಿಗೆ ಹೋಗುತ್ತಿದ್ದೆವು. ಅವನು ಗಾಲ್ಫ್ ಆಡುತ್ತಿದ್ದ, ನಾನು ಗಾಡಿಯಲ್ಲಿ ಕೂತು ಓದುತ್ತಿದ್ದೆ. ಮೈದಾನದ ಹದಿನಾಲ್ಕನೆಯ ಕುಳಿಯ ಹತ್ತಿರ ಬಂದಾಗಲೆಲ್ಲ ಅವನು ಕೋಲಿನ ಮೇಲೆ ಒರಗಿ ನಿಂತು ಆ ಮನೆಯ ಗಾಜಿನ ಗೋಡೆಯನ್ನು ನೋಡುತ್ತಿದ್ದ. “ಆ ಗಾಜಿನ ಹಿಂದೆ ಕೂತ್ಕೊಂಡು ಬೇರೆಯವರು ಚೆಂಡು ತಪ್ಪಿಸೋದನ್ನ ನೋಡ್ಬೇಕು ಲೀಟಾ. ಸ್ವರ್ಗ ಅಂದ್ರೆ ಅದೇ” ಎನ್ನುತ್ತಿದ್ದ. ಹೋದ ಆಗಸ್ಟ್‌ನಲ್ಲಿ ಕೆಲಸದ ಜಾಗದಲ್ಲಿ ನಿಂತಲ್ಲೇ ಬಿದ್ದವನು ಮತ್ತೆ ಏಳಲಿಲ್ಲ. ಮೂವತ್ತಾರು ವಯಸ್ಸು.

ಮನೆ ಮಾರಾಟಕ್ಕಿದೆ ಎಂದು ತಿಳಿದ ದಿನವೇ ಕರಾರಿಗೆ ಸಹಿ ಹಾಕಿದೆ. ಅವನ ಆಸೆಗಳಲ್ಲಿ ಇನ್ನೂ ಮಾಡಬಹುದಾದದ್ದು ಅದೊಂದೇ ಇತ್ತು. ಆಮೇಲೆ ನನ್ನ ಅಕ್ಕ ಶೆರಿಲ್ ಕೇಳಿದಳು: “ಅಲ್ಲ ಕಣೇ, ನಿಂಗೆ ಗಾಲ್ಫ್ ಅಂದ್ರೇನೇ ಆಗಲ್ಲ. ಹೋದವನ ಆಸೆಗೆ ನೀನ್ಯಾಕೆ ಬಾಗಿಲು ಕಿಟಕಿ ಇಡಿಸ್ತಿದೀಯ?” ಆ ಎಂಟು ತಿಂಗಳಲ್ಲಿ ಯಾವುದೂ ನನ್ನೊಳಗೆ ಇಳಿಯುತ್ತಿರಲಿಲ್ಲ. ಸಾರಿನಲ್ಲಿ ಉಪ್ಪಿದೆಯೇ ಎಂದು ಕೇಳಿದರೂ ಗೊತ್ತಾಗುತ್ತಿರಲಿಲ್ಲ. ಅಕ್ಕ ಹೇಳಿದ್ದು ಸರಿ ಅನ್ನಿಸಿತು. ಸರಿ ಅನ್ನಿಸಿತು ಎನ್ನುವುದಕ್ಕಿಂತ, ತಪ್ಪು ಅನ್ನಿಸಲಿಲ್ಲ.

ಎರಡು ಗಂಟೆಗೆ ತಲುಪಿದೆ. ದಕ್ಷಿಣದ ಗಾಳಿ ಬಿಸಿಯಾಗಿ, ಒದ್ದೆಯಾಗಿ ಬೀಸುತ್ತಿತ್ತು. ದಲ್ಲಾಳಿ ವೆಲ್ಡಾ ಬಾಗಿಲಲ್ಲೇ ಕಾಯುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಎತ್ತರದ ಹಿಮ್ಮಡಿಯ ಚಪ್ಪಲಿ. ಬೇಜಾರನ್ನು ಮುಚ್ಚಿಡಲು ನೋಡಿದಳು, ಆಗಲಿಲ್ಲ.

“ಬೇಡ ಅನ್ನೋ ಕಾಗದ ನಿನ್ನ ಫೋನಿಗೆ ಕಳಿಸಿದೀನಿ ಚಿನ್ನ. ಒಂದು ಬೆರಳು ಒತ್ತಿದ್ರೆ ಆಯ್ತು. ಆದ್ರೆ ಬಂದಿದೀಯಲ್ಲ, ಒಂದ್ಸಲ ಒಳಗೆ ಓಡಾಡಿ ಬಾ. ನಂಗೋಸ್ಕರ ಅಲ್ಲ.”

“ಯಾರಿಗೋಸ್ಕರ?”

“ಸರಿ, ನಂಗೋಸ್ಕರಾನೇ ಅಂದ್ಕೋ.”

ಮನೆ ಖಾಲಿಯಾಗಿತ್ತು. ಕೊಳ್ಳುವ ಮುನ್ನ ಮನೆ ಪರೀಕ್ಷೆ ಮಾಡಿದವನು ಹೊರಗೋಡೆಯಲ್ಲಿ ಚೆಂಡು ಬಡಿದ ನಲವತ್ತೊಂದು ಗುಳಿಗಳನ್ನು ಎಣಿಸಿ ಬರೆದಿದ್ದ. ನಡುಮನೆಯ ಗಾಜಿನಾಚೆ ಹದಿನಾಲ್ಕನೆಯ ಕುಳಿಯ ನುಣುಪು ಹುಲ್ಲುಹಾಸು, ಅದರಾಚೆ ಗಾಳಿಗೆ ಒಂದೇ ಕಡೆ ಬಾಗಿದ ಓಕ್ ಮರಗಳು, ಆಮೇಲೆ ಕೊಲ್ಲಿ. ಗಾರ್ಲನ್ ಕೂರಬೇಕೆಂದಿದ್ದ ಜಾಗದಲ್ಲಿ ನಿಂತೆ. ನಾಲ್ಕು ಜನ ಆಡುತ್ತಿದ್ದರು. ಒಬ್ಬ ಚೆಂಡು ತಪ್ಪಿಸಿದ. ನನಗೆ ಏನೂ ಅನ್ನಿಸಲಿಲ್ಲ. ಫೋನ್ ತೆಗೆಯಲು ಚೀಲಕ್ಕೆ ಕೈ ಹಾಕಿದೆ.

ಆಗ ಗಾಳಿ ತಿರುಗಿತು. ನಾನೂ ಹಿಂದೆ ನಿಂತಿದ್ದ ವೆಲ್ಡಾಳೂ ತಲೆಯೆತ್ತಿದೆವು. ಉತ್ತರದಿಂದ ಕಡುನೀಲಿ ಮೋಡವೊಂದು ಚಾಪೆ ಬಿಚ್ಚಿದಂತೆ ಬಂದು ಮನೆಯ ಮೇಲೆ ಹಾದು ಹೋಯಿತು. ಐದು ನಿಮಿಷದಲ್ಲಿ ಚಳಿ ಹುಟ್ಟಿತು. ಮಳೆ ಅಡ್ಡಡ್ಡ ಬೀಸಿತು.

ಗಾಜಿಗೆ ಟಪ್ ಎಂದು ಏನೋ ಬಡಿಯಿತು.

“ಚೆಂಡು” ಎಂದೆ.

“ಈ ಮಳೆಲಿ ಯಾವ ಪುಣ್ಯಾತ್ಮ ಹೊಡೀತಾನೆ?” ಎಂದಳು ವೆಲ್ಡಾ. ಕೆಳಗೆ ಬಗ್ಗಿ ನೋಡಿದಳು.

ಕಲ್ಲುಹಾಸಿನ ಮೇಲೆ ಕಿತ್ತಳೆ ಬಣ್ಣದ ಹಕ್ಕಿಯೊಂದು ಬಿದ್ದಿತ್ತು. ಕೊಕ್ಕು ತೆರೆದಿತ್ತು.

ಬಾಗಿಲು ಬಡಿಯದೆ, ಪಕ್ಕದ ಹುಲ್ಲಿನಿಂದಲೇ ಒಬ್ಬ ಮುದುಕಿ ಬಂದಳು. ಗಂಡಸರ ಮಳೆಯಂಗಿ, ಕಂಕುಳಲ್ಲಿ ಬಟ್ಟೆ ಬುಟ್ಟಿ, ಬುಟ್ಟಿಯ ತುಂಬ ಹಾಸಿಗೆಯ ಹೊದಿಕೆಗಳು. ವೆಲ್ಡಾ ಅವಳನ್ನು ಮಿಸ್ ಅರ್ಲೀನ್ ಎಂದು ಕರೆದಳು. ಪಕ್ಕದ ಮನೆಯವಳು, ಅರ್ಲೀನ್ ಒರ್ಸಾಕ್.

“ಈ ಮನೇನ ಕೊಂಡೋರು ಯಾರು? ನೀನಾ?” ಎಂದು ನನ್ನನ್ನು ಕೇಳಿದಳು.

“ಇನ್ನೂ ಇಲ್ಲ” ಎಂದೆ.

“ಇನ್ನೂ ಇಲ್ಲ ಅಂದ್ರೆ ಅರ್ಧ ಹೌದು. ಹಿಡಿ ಈ ತುದಿ. ವೆಲ್ಡಾ, ನೀನು ಆ ಚಪ್ಪಲಿ ಬಿಚ್ಚು ತಾಯಿ. ಅದರ ಹಿಮ್ಮಡಿ ಹುಲ್ಲಲ್ಲಿ ಊರಿದ್ರೆ ಮೈದಾನದ ಹದಿನೆಂಟರ ಜೊತೆ ಹತ್ತೊಂಬತ್ತನೇ ಕುಳಿ ಆಗುತ್ತೆ.”

“ನಾನು ಮನೆ ಮಾರೋಳು ಮಿಸ್ ಅರ್ಲೀನ್, ಬಟ್ಟೆ ಒಣಗಿಸೋಳಲ್ಲ.”

“ಮಾರಿದ್ದೇ ಆಗಿದ್ರೆ ನಾನ್ಯಾಕೆ ಬರ್ತಿದ್ದೆ? ಬಿಚ್ಚು ಬಿಚ್ಚು.”

ಸೂರಿನ ಕೆಳಗೆ ಯಾರೋ ಹಿಂದೆ ಹೊಡೆಸಿದ ಮೊಳೆಗಳಿದ್ದವು. ನಾವು ಗಾಜಿನ ಹೊರಗೆ ಹೊದಿಕೆಗಳನ್ನು ತೂಗುಹಾಕಿದೆವು. ಹೂವಿನದು, ಪಟ್ಟೆಯದು, ಡೈನೋಸಾರ್‌ಗಳಿದ್ದದ್ದೊಂದು, ಅದು ಮೊಮ್ಮಗನದಿರಬೇಕು. ಮುದುಕಿ ಕೆಲಸ ಮಾಡುತ್ತಲೇ ಮಾತಾಡಿದಳು.

“ಉತ್ತರಕ್ಕೆ ಹೋಗೋ ಈ ಹಕ್ಕಿಗಳು ನಿನ್ನೆ ಹೊತ್ತು ಮುಳುಗೋವಾಗ ಮೆಕ್ಸಿಕೋ ಕಡೆ ದಡ ಬಿಟ್ಟಿರ್ತಾವೆ. ಆರುನೂರು ಮೈಲಿ ನೀರು. ಕೂರೋಕೆ ಒಂದು ಕಡ್ಡಿ ಇಲ್ಲ. ಒಳ್ಳೆ ಗಾಳಿ ಇದ್ರೆ ನಮ್ಮ ತಲೆ ಮೇಲೇ ಹೋಗ್ಬಿಡ್ತಾವೆ, ನಮ್ಗೆ ಗೊತ್ತೂ ಆಗಲ್ಲ. ಇಂಥ ಗಾಳಿ ಎದುರು ಬಂತೋ, ಮೊದಲು ಸಿಕ್ಕ ನೆಲಕ್ಕೆ ಉದುರ್ತಾವೆ. ಮೊದಲು ಸಿಗೋ ನೆಲ ನಮ್ದೇ. ಈ ಮನೆ ಯಜಮಾನ್ರು ಡೆನ್ವರ್‌ನಲ್ಲಿ ಕೂತಿದಾರೆ, ಎರಡು ವರ್ಷದಿಂದ ಇಲ್ಲಿ ಗಾಜಿಗೆ ಅಡ್ಡ ಬಟ್ಟೆ ಕಟ್ಟೋರಿಲ್ಲ. ಹೋದ ಏಪ್ರಿಲ್‌ನಲ್ಲಿ ಈ ಗಾಜಿಗೆ ಬಡಿದು ಸತ್ತವನ್ನ ಸಲಿಕೇಲಿ ಎತ್ತಿದೀನಿ. ಎಷ್ಟು ಅಂತ ಕೇಳ್ಬೇಡ.”

ಬೀದಿಯುದ್ದಕ್ಕೂ ನೋಡಿದೆ. ಹುಲ್ಲಿನ ಅಂಚಿನ ಮನೆಗಳೆಲ್ಲ ತಮ್ಮ ಹಾಸಿಗೆಯ ಹೊದಿಕೆಗಳನ್ನು ಹೊರಗೆ ತೋರಿಸಿಕೊಂಡು ನಿಂತಿದ್ದವು.

ಮಳೆ ತೆಳುವಾಯಿತು. ಆಗ ಕೊಲ್ಲಿಯ ಕಡೆ ಕಣ್ಣು ಹೋಯಿತು.

ನೀರಿನ ಮೇಲೆ, ಅಲೆಗಳಿಗೆ ತಾಗುವಷ್ಟು ಕೆಳಗೆ, ಕಪ್ಪು ಚುಕ್ಕೆಗಳು ಬರುತ್ತಿದ್ದವು. ಹತ್ತಿರವಾದಂತೆ ಚುಕ್ಕೆಗಳಿಗೆ ಬಣ್ಣ ಬಂತು. ದಡ ದಾಟಿದ್ದೇ ತಡ, ರೆಕ್ಕೆ ಮಡಚಿ ಬಿದ್ದವು. ಕೂತದ್ದಲ್ಲ, ಬಿದ್ದದ್ದು. ಹದಿನಾಲ್ಕನೆಯ ಕುಳಿಯ ಹುಲ್ಲಿನ ಮೇಲೆ ಮೊದಲು ಹತ್ತು, ಆಮೇಲೆ ನೂರು. ಆಮೇಲೆ ನಾನು ಎಣಿಕೆ ಬಿಟ್ಟೆ. ಕಪ್ಪು ರೆಕ್ಕೆಯ ಕಡುಕೆಂಪು ಹಕ್ಕಿಗಳು. ಮೈಯೆಲ್ಲ ನೀಲಿಯಾಗಿದ್ದಂಥವು. ಎದೆಯ ಮೇಲೆ ರಕ್ತದ ಕಲೆಯಂತೆ ಕೆಂಪು ತ್ರಿಕೋನವಿದ್ದಂಥವು. ಹೆಬ್ಬೆರಳಿನಷ್ಟಿದ್ದ ಹಳದಿ ಹಕ್ಕಿಗಳು ಎಷ್ಟಿದ್ದವೆಂದರೆ ಓಕ್ ಮರಗಳು ಒಂದೇ ಕ್ಷಣದಲ್ಲಿ ಹೂಬಿಟ್ಟಂತೆ ಕಂಡವು. ಮರಳಿನ ಗುಂಡಿಯಲ್ಲಿ ಕೆಂಪು, ಗಾಡಿಯ ದಾರಿಯಲ್ಲಿ ನೀಲಿ, ಚೆಂಡು ತೊಳೆಯುವ ತೊಟ್ಟಿಯ ಮೇಲೆ ಕಿತ್ತಳೆ.

ಒಂದೂ ಕೂಗಲಿಲ್ಲ. ಕೂಗುವಷ್ಟು ಏನೂ ಉಳಿದಿರಲಿಲ್ಲ ಅವುಗಳಲ್ಲಿ. ಅಷ್ಟು ಜೀವಗಳಿದ್ದ ಬಯಲಿನಲ್ಲಿ ಹುಲ್ಲಿಗೆ ಮೈ ತಾಗುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು.

ಮೈದಾನ ನೋಡಿಕೊಳ್ಳುವ ಬೆನಾವಿಡೆಸ್ ಒಂದೊಂದೇ ಹೆಜ್ಜೆ ಹುಡುಕಿ ಇಡುತ್ತ ಬಂದು ಕುಳಿಯಿಂದ ಬಾವುಟ ಕಿತ್ತ. ಬಾವುಟ ಕಿತ್ತರೆ ಆಟ ಇಲ್ಲ. ಮರದಡಿ ನಿಂತಿದ್ದ ನಾಲ್ವರಲ್ಲಿ ಒಬ್ಬ ಮೆಲ್ಲಗೆ ಹೇಳಿದ: “ಬೆನಾವಿಡೆಸ್, ನನ್ನ ಚೆಂಡು ಕುಳಿ ಸೇರೋಕೆ ಬರೀ ಎರಡಡಿ ಉಳಿದಿತ್ತು ಮಾರಾಯ. ಅಷ್ಟು ತಳ್ಳಿಬಿಡ್ತೀನಿ.”

“ಆ ಎರಡಡಿಲಿ ಹನ್ನೊಂದು ಹಕ್ಕಿ ಇದಾವೆ ಸರ್. ನಿಮ್ಮ ಆಟ ನಾನು ನೋಡಿದೀನಿ. ಹನ್ನೊಂದಕ್ಕೂ ಅಪಾಯ.”

ಉಳಿದ ಮೂವರು ನಕ್ಕರು, ಸದ್ದಿಲ್ಲದೆ. ಕೇಳಿದವನೂ ಟೋಪಿ ತೆಗೆದು ಎದೆಗೆ ಹಿಡಿದು ನಿಂತ. ಯಾರೂ ಕದಲಲಿಲ್ಲ. ಕದಲಲು ಜಾಗವೂ ಇರಲಿಲ್ಲ. ನೀಲಿ ಹಕ್ಕಿಯೊಂದು ಬರಿಗಾಲಿನ ವೆಲ್ಡಾಳ ಪಾದದ ಮೇಲೆ ಹತ್ತಿ, ಅಲ್ಲೇ ಕಣ್ಣು ಮುಚ್ಚಿತು. ವೆಲ್ಡಾ ಉಸಿರು ಬಿಡಲಿಲ್ಲ.

ಗಾಜಿನ ಗೋಡೆ ಉದ್ದ, ಹೊದಿಕೆಗಳು ಕಡಿಮೆ. ಎಡತುದಿ ಇನ್ನೂ ಬರಿದಾಗಿತ್ತು. ಅಲ್ಲಿ ಓಕ್ ಮರಗಳ ಪ್ರತಿಬಿಂಬ ಗಾಜಿನಲ್ಲಿ ಮೂಡಿ ಇನ್ನೊಂದು ತೋಪಿನಂತೆ ಕಾಣುತ್ತಿತ್ತು. ಟಪ್, ಮತ್ತೆ ಟಪ್. ಅರ್ಲೀನ್ ಬಿದ್ದವನ್ನು ಎತ್ತಿ ಅಂಗಡಿಯ ಕಾಗದದ ಚೀಲಗಳಲ್ಲಿಟ್ಟು ಬಾಯಿ ಮಡಚಿದಳು. ಕತ್ತಲಲ್ಲಿ ಅರ್ಧ ಗಂಟೆ ಇಟ್ಟರೆ ಕೆಲವು ಚೇತರಿಸಿಕೊಳ್ಳುತ್ತವಂತೆ. ಮೊದಲು ಬಿದ್ದ ಕಿತ್ತಳೆಯದನ್ನು ಮಾತ್ರ ಚೀಲದಲ್ಲಿಡದೆ ಗಿಡದ ಬುಡದಲ್ಲಿ ಮಲಗಿಸಿದಳು.

“ಕೊನೇದು ಇದೊಂದಿದೆ. ಆದ್ರೆ ಈ ತುದಿಲಿ ಮೊಳೆ ಇಲ್ಲ” ಎಂದಳು.

ಬಿಳಿ ಹೊದಿಕೆಯ ಒಂದು ಮೂಲೆಯನ್ನು ಮೊಳೆಗೆ ಸಿಕ್ಕಿಸಿ, ಇನ್ನೊಂದು ಮೂಲೆಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು ನಾನೇ ನಿಂತೆ. ಅರ್ಲೀನ್ ಇನ್ನಷ್ಟು ಹೊದಿಕೆ ಕೇಳಲು ಬೀದಿಯ ಮನೆಗಳಿಗೆ ಹೋದಳು.

ಹೊದಿಕೆಯ ಹತ್ತಿರ ಬಂದ ಹಕ್ಕಿಗಳು ತಿರುಗಿ ನೆಲಕ್ಕಿಳಿದವು. ಒಂದು ಕೆಂಪು ಹಕ್ಕಿ ನನ್ನ ಮೊಣಕೈ ಮೇಲೆ ಕೂತಿತು. ಒಂದು ಅಂಚೆ ಕಾಗದದಷ್ಟೂ ಭಾರವಿರಲಿಲ್ಲ. ಅದರ ಮೈ ಇಡೀ ಉಸಿರಿನ ಜೊತೆ ಅಲುಗುತ್ತಿತ್ತು. ಅದರ ಉಗುರುಗಳು ಅಂಗಿಯ ಮೂಲಕ ಚುಚ್ಚುತ್ತಿದ್ದವು. ಇಷ್ಟು ಸಣ್ಣದು ನಿನ್ನೆ ರಾತ್ರಿಯಿಡೀ ಸಮುದ್ರದ ಮೇಲಿತ್ತು. ನಾನು ನನ್ನ ಹಾಸಿಗೆಯಲ್ಲಿದ್ದೆ.

ನಾವು ಯಾವಾಗಲೂ ಮಾರ್ಚ್‌ನಲ್ಲೇ ಬರುತ್ತಿದ್ದೆವು. ಗಾರ್ಲನ್ ಇದನ್ನು ಕಂಡಿರಲಿಲ್ಲ. ಅವನಿಗೆ ಗೊತ್ತೂ ಇರಲಿಲ್ಲ. ಆ ಗಾಜಿನ ಒಳಗೆ ಕೂತು ಹೊರಗೆ ನೋಡುವ ಆಸೆ ಅವನದು. ನಾನು ಅದರ ಹೊರಗೆ, ಬೆನ್ನು ಮಾಡಿ ನಿಂತಿದ್ದೆ. ಇನ್ನೂ ನೋಡಬೇಕು ಅನ್ನಿಸಿತು. ಮುಂದಿನ ವರ್ಷವೂ. ಹಾಗೆ ಏನಾದರೂ ಬೇಕು ಅನ್ನಿಸಿ ಎಷ್ಟು ಕಾಲವಾಗಿತ್ತೋ, ಅದು ಬೇಕು ಅನ್ನಿಸುವುದು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ವೆಲ್ಡಾ ಪಾದದ ಮೇಲಿನ ಹಕ್ಕಿ ಹಾರುವವರೆಗೆ ಕಾದು, ನನ್ನ ಚೀಲದಿಂದ ಫೋನ್ ತಂದಳು.

“ಐದಕ್ಕೆ ಏಳು ನಿಮಿಷ ಇದೆ ಲೀಟಾ. ಇದನ್ನ ಹೇಳೋದು ನನ್ನ ಕರ್ತವ್ಯ. ಆಮೇಲೆ ನನ್ನ ಬೈಬಾರದು.”

“ಕೈ ಖಾಲಿ ಇಲ್ಲ.”

“ಹೊದಿಕೆ ನಾನು ಹಿಡೀತೀನಿ. ಬೇಡ್ವಾ, ಫೋನ್ ಹಿಡೀತೀನಿ, ಮೂಗಿಂದ ಒತ್ತು. ಅದಕ್ಕೂ ನಡಿಯುತ್ತೆ. ನನ್ನ ಇನ್ನೊಬ್ಬ ಗಿರಾಕಿ ದೋಣಿ ನಡೆಸ್ತಾ ಹಾಗೇ ಮಾಡಿದ.”

ಅವಳು ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಪರದೆಯ ಮೇಲೆ ನನ್ನ ಹೆಸರು, ಅದರ ಕೆಳಗೆ ಸಹಿಯ ಹಳದಿ ಚೌಕ. ಒಂದು ಗೇಣು ದೂರ. ಮೊಣಕೈ ಮೇಲಿನ ಹಕ್ಕಿ ಕತ್ತು ಹೊರಳಿಸಿ ಪರದೆಯ ಬೆಳಕನ್ನು ನೋಡಿತು.

“ಬೇಡ” ಎಂದೆ.

ವೆಲ್ಡಾ ಗೊಂದಲದಿಂದ ನನ್ನನ್ನೂ ಫೋನನ್ನೂ ನೋಡಿದಳು. “ಬೇಡ ಅಂದ್ರೆ? ಮನೆ ಬೇಡ್ವಾ, ಒತ್ತೋದು ಬೇಡ್ವಾ? ಸರಿಯಾಗಿ ಹೇಳಮ್ಮ, ಇದು ಕರಾರಿನ ವಿಷಯ.”

“ಬೇಡ ಅನ್ನೋದು ಬೇಡ.”

“ಹಕ್ಕಿ ನೋಡಿ ಹೇಳ್ತಿದೀಯ. ನಾಳೆ ಇವು ಇರಲ್ಲ. ಹಾರಿ ಹೋಗ್ತಾವೆ. ಉಳಿಯೋದು ಗಾಲ್ಫ್ ಆಡೋರು, ಗೋಡೆಲಿ ಗುಳಿ.” ದಲ್ಲಾಳಿಯ ಬಾಯಲ್ಲಿ ಬರಬಾರದ ಮಾತು ಅದು. ಅದಕ್ಕೇ ಅವಳ ಮೇಲೆ ನಂಬಿಕೆ ಬಂತು.

“ಗೊತ್ತು” ಎಂದೆ.

ಅವಳು ಫೋನನ್ನು ತನ್ನ ಜೇಬಿಗೆ ಹಾಕಿಕೊಂಡು ನನ್ನ ಪಕ್ಕದಲ್ಲಿ ನಿಂತಳು. ಐದು ಯಾವಾಗ ಆಯಿತೋ ಇಬ್ಬರೂ ನೋಡಲಿಲ್ಲ. ಹುಲ್ಲಿನಾಚೆ ಬೆನಾವಿಡೆಸ್ ಕಿತ್ತ ಬಾವುಟಗಳನ್ನೆಲ್ಲ ಹೆಗಲಿಗೆ ಒರಗಿಸಿಕೊಂಡು, ಮುಂದಿನ ಹೆಜ್ಜೆ ಎಲ್ಲಿಡಲೆಂದು ನೆಲ ನೋಡುತ್ತ ಒಂಟಿಗಾಲಲ್ಲಿ ನಿಂತಿದ್ದ.

“ಈ ಗೋಡೆ ಎಷ್ಟು ಅಡಿ ವೆಲ್ಡಾ?” ಎಂದು ಕೇಳಿದೆ.

“ಮೂವತ್ತೊಂದು. ಯಾಕೆ?”

“ಈ ತುದಿವರೆಗೂ ಮೊಳೆ ಹೊಡೆಸ್ಬೇಕು.”

ನನ್ನ ಭುಜಗಳು ನೋಯುತ್ತಿದ್ದವು. ಕೊಲ್ಲಿಯ ಮೇಲೆ ಇನ್ನೂ ಚುಕ್ಕೆಗಳಿದ್ದವು, ತೀರ ಕೆಳಗೆ, ತೀರ ನಿಧಾನವಾಗಿ. ನಾನು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆತ್ತಿದೆ.