ಅಕ್ಕನ ಕ್ರಿಯಾಪದಗಳು

ಗಂಟಲಿನ ಶಸ್ತ್ರಚಿಕಿತ್ಸೆಗೆ ಒಂಬತ್ತು ದಿನ ಉಳಿದಿತ್ತು. ಆಮೇಲೆ ಅಕ್ಕನಿಗೆ ಮಾತಿರುವುದಿಲ್ಲವೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಇಪ್ಪತ್ತಾರು ವರ್ಷ ಫ್ರೆಂಚ್ ಕಲಿಸಿದವಳು. ನೂರಿಪ್ಪತ್ತು ಕ್ರಿಯಾಪದಗಳ ರೂಪಗಳನ್ನಾದರೂ ತನ್ನ ಧ್ವನಿಯಲ್ಲಿ ವಿದ್ಯಾರ್ಥಿಗಳಿಗೆ ಬಿಟ್ಟುಹೋಗುತ್ತೇನೆಂದು ಹಟ ಹಿಡಿದಳು. ಧ್ವನಿಮುದ್ರಣವೇ ಕಸುಬಾಗಿದ್ದ ತಮ್ಮ ತನ್ನ ಸ್ಟುಡಿಯೋದ ಬಾಗಿಲು ತೆರೆದ. ಅವಳ ಧ್ವನಿ ಹೇಗಾದರೂ ಉಳಿಯಬೇಕು, ಅವನ ತಲೆಯಲ್ಲಿದ್ದದ್ದು ಅಷ್ಟೇ.

ಸ್ಪಂಜು ಹೊದಿಸಿದ ಆ ಪುಟ್ಟ ಕೋಣೆಯಲ್ಲಿ ಅವಳು ಪ್ರತಿ ರೂಪವನ್ನೂ ಎರಡು ಸಲ ಹೇಳುತ್ತಿದ್ದಳು. ಮೊದಲು ಉಚ್ಚಾರಾಂಶಗಳನ್ನು ಬಿಡಿಸಿ, ಆಮೇಲೆ ಕೂಡಿಸಿ. "ನು ಪಾರ್... ಲೋಂ. ನು ಪಾರ್ಲೋಂ." ನಾವು ಮಾತಾಡುತ್ತೇವೆ ಎಂದು ಅರ್ಥ. ನಡುನಡುವೆ ಕೆಮ್ಮು, ಒಂದು ಗುಟುಕು ನೀರು.

"ಇಲ್ ಪಾರ್ಲ್," ಎಂದಳು, ಅವರು ಮಾತಾಡುತ್ತಾರೆ ಎಂಬುದಕ್ಕೆ.

"ಪುಸ್ತಕದಲ್ಲಿ ಕೊನೇಲಿ ಇನ್ನೂ ಮೂರು ಅಕ್ಷರ ಇದೆಯಲ್ಲೇ. ನುಂಗಿಬಿಟ್ಯಾ?" ಎಂದ ತಮ್ಮ.

"ಅವು ಬರೆಯೋಕೆ ಇರೋದು ಕಣೋ, ಹೇಳೋಕಲ್ಲ. ಥೇಟ್ ನಿನ್ನ ಹಾಗೆ, ಲೆಕ್ಕಕ್ಕುಂಟು ಆಟಕ್ಕಿಲ್ಲ."

ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಮುದ್ರಣ ನಡೆದೇ ಇತ್ತು.

ಎಂಟನೆಯ ದಿನ ಮುದ್ರಣ ಮುಗಿಯಿತು. ಅವಳು ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಅವನು ಕಂಪ್ಯೂಟರ್ ಪರದೆಯ ಮೇಲಿನ ಧ್ವನಿಯ ಅಲೆಗಳ ಮುಂದೆ ಕೂತ. ಉಸಿರೆಳೆದದ್ದು, ಕೆಮ್ಮಿದ್ದು, ತಡವರಿಸಿದ್ದು, ತನ್ನೊಡನೆ ಆಡಿದ್ದು ಎಲ್ಲವನ್ನೂ ಕತ್ತರಿಸಿ, ಉಚ್ಚಾರಾಂಶಗಳ ನಡುವೆ ಅರ್ಧ ಸೆಕೆಂಡಿನ ನಿಶ್ಶಬ್ದ ಕೂರಿಸಿದ. ಅಂಥ ಅಚ್ಚುಕಟ್ಟಾದ ಕೆಲಸವನ್ನು ಜನ್ಮದಲ್ಲಿ ಮಾಡಿರಲಿಲ್ಲ. ಮುಗಿದೊಡನೆ ಕತ್ತರಿಸದ ಕಚ್ಚಾ ಮುದ್ರಣವನ್ನು ಅಳಿಸಿದ. ಮುಂದಿನ ಕೆಲಸಕ್ಕೆ ಜಾಗ ಬೇಕು. ಹದಿನೈದು ವರ್ಷದ ರೂಢಿ, ಕೈ ತಾನಾಗಿಯೇ ಆಡಿತ್ತು.

ಮನೆಗೆ ಬಂದ ಅಕ್ಕ ಕೊರಳಿಗೆ ಬಟ್ಟೆ ಸುತ್ತಿಕೊಂಡು ಮಗಳ ಪಕ್ಕ ಕೂತು ಕೇಳಿದಳು. ಹತ್ತು ಕ್ರಿಯಾಪದ ಕಳೆದವು.

"ಮಾವ, ಇದು ಪಾಠ," ಎಂದಳು ಮಗಳು. "ಅಮ್ಮ ಸುಮ್ನೆ ಮಾತಾಡಿದ್ದು ಎಲ್ಲಿದೆ? ನಿಮ್ಮನ್ನ ಬೈದಿದ್ದು? ನೀವೇ ದಿನಾ ಬಂದು ಹೇಳ್ತಿದ್ರಲ್ಲ."

"ತೆಗೆದುಬಿಟ್ಟೆ ಪುಟ್ಟಿ. ಬೇಡದ ಸದ್ದು ಅಂತ."

"ಎಲ್ಲೂ ಇಲ್ವಾ? ಮನೇಲಿ ವಿಡಿಯೋ ತೆಗೀತಿದ್ದೋಳು ಯಾವಾಗ್ಲೂ ಅಮ್ಮನೇ. ಅವಳದ್ದು ಅಂತ ಒಂದೂ ಇಲ್ಲ."

"ಎಲ್ಲೂ ಇಲ್ಲ."

ಅಕ್ಕ ಹಲಗೆ ಎಳೆದುಕೊಂಡು ಬರೆದಳು: ಉಚ್ಚಾರ ಸ್ಪಷ್ಟವಾಗಿದೆ. ಮಕ್ಕಳಿಗೆ ಇಷ್ಟು ಸಾಕು. ಬರೆದದ್ದನ್ನು ಮಗಳಿಗೆ ತೋರಿಸಲಿಲ್ಲ, ಅವನ ಕಡೆ ತಿರುಗಿಸಿದಳು.

ಮಗಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಸುಮ್ಮನೆ ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಮುಂದಿನದನ್ನು ಹಾಕು ಎಂದು ಅಕ್ಕ ಸನ್ನೆ ಮಾಡಿದಳು. ಹಾಕಿದ. ಹನ್ನೊಂದನೆಯ ಕ್ರಿಯಾಪದ ತುಂಡುತುಂಡಾಗಿ ಬರತೊಡಗಿತು. ನಡುವೆ ಯಾರೂ ಉಸಿರಾಡುತ್ತಿರಲಿಲ್ಲ.