ಕಡವೀಮಾಳ ಹೊಲದ ಖಾಲಿ ಬಲೆ

ಆ ವರ್ಷ ಭಾದ್ರಪದದಲ್ಲಿ ನಮ್ಮ ಅಮ್ರೇಲಿ ಕಡೆಯ ಹತ್ತಿ ಹೊಲಗಳಲ್ಲೆಲ್ಲ ಮೋಹಕ ಬಲೆ ಕಟ್ಟಿದ್ದೆವು. ಕೋಲಿಗೆ ತೂಗುಹಾಕಿದ ಉದ್ದನೆಯ ಪ್ಲಾಸ್ಟಿಕ್ ಚೀಲ. ಮೇಲ್ಗಡೆ ಹೆಣ್ಣು ಪತಂಗದ ವಾಸನೆ ಹಚ್ಚಿದ ರಬ್ಬರ್ ತುಂಡು. ಗುಲಾಬಿ ಕಾಯಿಕೊರಕದ ಗಂಡು ಪತಂಗಗಳು ಆ ವಾಸನೆಗೆ ಮರುಳಾಗಿ ಒಳಗೆ ಬೀಳುತ್ತವೆ. ಬಿದ್ದದ್ದನ್ನು ಎಣಿಸಿದರೆ ಹುಳುವಿನ ಕಾಟ ಯಾವಾಗ ಜೋರಾಗುತ್ತದೆಂದು ತಿಳಿಯುತ್ತದೆ. ಎಣಿಸಿ ಕೃಷಿ ಕೇಂದ್ರಕ್ಕೆ ಹೇಳುವ ಕೆಲಸ ನನ್ನದು.

ಎಲ್ಲರ ಬಲೆಯಲ್ಲೂ ಪತಂಗ ಹೆಚ್ಚುತ್ತಿತ್ತು. ಮುದುಕಿ ಕಡವೀಮಾಳ ಹೊಲದಲ್ಲಿ ಮಾತ್ರ ಒಂದೂ ಇಲ್ಲ.

"ನನ್ನ ಹೊಲಕ್ಕೆ ಬರೋಕೆ ಅವಕ್ಕೂ ಧೈರ್ಯ ಬೇಕಲ್ಲ, ಲಾಭು!" ಎಂದು ಅವಳು ನನಗೆ ಹೇಳಿ ನಕ್ಕಳು.

ರಬ್ಬರ್ ತುಂಡು ಬದಲಿಸಿದೆ. ಖಾಲಿ. ಬಲೆಯನ್ನು ಬದುವಿನ ಹತ್ತಿರ ಸರಿಸಿದೆ. ಆಗಲೂ ಖಾಲಿ. ಚೀಲದೊಳಗೆ ಬೆರಳಾಡಿಸಿದರೆ ರೆಕ್ಕೆಯ ಹುಡಿ ಅಂಟಿತು. ಪತಂಗ ಬಂದಿವೆ, ಹಾಗಾದರೆ ಹೋದದ್ದೆಲ್ಲಿಗೆ? ಓತಿಕ್ಯಾತವೋ ಹಕ್ಕಿಯೋ, ನೋಡಿಯೇ ಬಿಡೋಣವೆಂದು ಮರುದಿನ ನಸುಕಿಗೇ ಹೋಗಿ ಹತ್ತಿಗಿಡಗಳ ನಡುವೆ ಕುಳಿತೆ.

ಬಂದವಳು ಕಡವೀಮಾ! ಚೀಲದ ತಳದ ದಾರ ಬಿಚ್ಚಿ, "ಹೋಗ್ರಪ್ಪಾ, ಮನೆ ಸೇರ್ಕೊಳ್ಳಿ" ಎನ್ನುತ್ತ ಕೊಡವಿದಳು.

"ಮಾ, ಏನ್ ಮಾಡ್ತಿದ್ದೀಯ!" ಎಂದು ಎದ್ದು ನಿಂತೆ.

ಅವಳಿಗೆ ನಾಚಿಕೆಯೇನೂ ಆಗಲಿಲ್ಲ. "ಹೆಣ್ಣಿನ ಆಸೆ ತೋರಿಸಿ ಗಂಡುಗಳನ್ನ ಚೀಲಕ್ಕೆ ತುಂಬೋದಾ? ಹೆಣ್ಣೂ ಇಲ್ಲ, ಗಿಣ್ಣೂ ಇಲ್ಲ, ಬರೀ ರಬ್ಬರ್! ಇಂಥ ಮೋಸ ನನ್ನ ಹೊಲದಲ್ಲಿ ಬೇಡ."

ನಗು ತಡೆಯಲಾಗಲಿಲ್ಲ. "ಇವತ್ತು ಎಷ್ಟಿದ್ವು?"

"ಎಣಿಸೋಕೆ ನಾನೇನು ಮೇಷ್ಟ್ರಾ? ಒಂದು ಬೊಗಸೆ ತುಂಬೋದು."

ಅಷ್ಟೊಂದು ಯಾರ ಬಲೆಯಲ್ಲೂ ಬಿದ್ದಿರಲಿಲ್ಲ. ಪಕ್ಕದ ಗಿಡದಲ್ಲಿ ಅರಳದೆ ಮುದುಡಿಕೊಂಡಿದ್ದ ಹೂವೊಂದನ್ನು ಕಿತ್ತು, ಬಿಡಿಸಿ, ಅವಳ ಅಂಗೈ ಮೇಲಿಟ್ಟೆ. ಒಳಗೆ ಸಣ್ಣ ಹುಳು ಹೊರಳಿತು.

ಕಡವೀಮಾ ಕಣ್ಣು ಕಿರಿದು ಮಾಡಿದಳು. "ಇದು ಆ ಬಡಪಾಯಿಗಳ ಮಗುವಾ?"

"ಹೂಂ. ಇವು ಕಾಯೊಳಗೆ ಹೊಕ್ರೆ ನಿನಗೆ ಹತ್ತಿ ಸಿಗಲ್ಲ."

"ಹಾಗಾದ್ರೆ ಅವಕ್ಕೆ ನಿಜವಾದ ಹೆಣ್ಣೇ ಸಿಕ್ಕಿದೆ ಅನ್ನು," ಎಂದು ನಿಟ್ಟುಸಿರಿಟ್ಟಳು.

ಅಂದೇ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದೆ. ಅಕ್ಕಪಕ್ಕದವರೆಲ್ಲ ಸೇರಿ ಮುದುಡಿದ ಹೂಗಳನ್ನು ಕಿತ್ತು ಸುಟ್ಟೆವು, ಔಷಧಿ ಹೊಡೆದೆವು. ಕಾಯಿ ಬಹುಪಾಲು ಉಳಿಯಿತು.

ಕಡವೀಮಾ ಆಮೇಲೆ ನಾನು ನೋಡುವ ಮುನ್ನ ಚೀಲ ಮುಟ್ಟಲಿಲ್ಲ. ನನ್ನ ಎಣಿಕೆ ಮುಗಿದ ಕೂಡಲೇ ಅದನ್ನು ಪತಂಗಗಳ ಸಮೇತ ಕೋಲಿನಿಂದ ಬಿಚ್ಚಿ ಹೆಗಲಿಗೇರಿಸುತ್ತಿದ್ದಳು.

"ಎಲ್ಲಿಗೆ, ಮಾ?"

"ಶೇತ್ರುಂಜಿ ನದಿ ದಾಟಿ, ಜಾಲಿ ಬೆಳೆದಿರೋ ಕಡೆ. ಅಲ್ಲಿ ಹತ್ತಿನೂ ಇಲ್ಲ, ನಿನ್ನ ರಬ್ಬರೂ ಇಲ್ಲ."