ಜೇಡದ ದಾಯಾದಿ

ವಸ್ತುಸಂಗ್ರಹಾಲಯದಲ್ಲಿ ಕಲ್ಲು ಕೆರೆದು ಪಳೆಯುಳಿಕೆ ಬಿಡಿಸುವುದರಲ್ಲಿ ಅಕ್ಕನದು ಪಳಗಿದ ಕೈ. ಸೂಜಿ ಹಿಡಿದು ಮಸೂರಕ್ಕೆ ಕಣ್ಣು ಕೊಟ್ಟಳೆಂದರೆ ಊಟದ ನೆನಪೂ ಇರದು. ತಂಗಿ ಅಲ್ಲೇ ಸಂಶೋಧಕಿ. ಅಕ್ಕ ಕೆರೆದು ಬಿಡಿಸಿಕೊಟ್ಟ ಒಂದು ಪಳೆಯುಳಿಕೆಯಿಂದ ಈಗ ತಂಗಿಗೆ ಎಲ್ಲಿಲ್ಲದ ಹೆಸರು ಬರುವುದರಲ್ಲಿದೆ. ಆ ಪುರಾತನ ಜೀವಿಗೆ ನೂಲು ಬಿಡುವ ರಂಧ್ರಗಳಿವೆ, ಬಾಲವಿಲ್ಲ. ಹಾಗಾಗಿ ಇದೇ ಎಲ್ಲಕ್ಕಿಂತ ಹಳೆಯ ಜೇಡ ಎಂಬುದು ಅವಳ ವಾದ. ಲೇಖನ ನಾಳೆ ಅಚ್ಚಿಗೆ ಹೋಗಬೇಕು.

ಇವತ್ತು ಮಧ್ಯಾಹ್ನ ಕಪಾಟು ಜೋಡಿಸುವಾಗ ಅಕ್ಕನಿಗೆ ಆ ಕಲ್ಲಿನ ಇನ್ನೊಂದು ಹೋಳು ಸಿಕ್ಕಿತು. ಕಲ್ಲು ಸೀಳಿದರೆ ಎರಡೂ ಕಡೆ ಅಚ್ಚು ಉಳಿಯುತ್ತದೆ. ಇದನ್ನು ಯಾರೂ ಮುಟ್ಟಿರಲಿಲ್ಲ. ಸುಮ್ಮನೆ ಮಸೂರದಡಿ ಇಟ್ಟು ನೋಡಿದಳು. ಹೊಟ್ಟೆಯ ತುದಿಯಲ್ಲಿ ಗೆಣ್ಣುಗೆಣ್ಣಿನ ಬಾಲ, ಕೂದಲೆಳೆಯಷ್ಟು ಸಣ್ಣದು. ಬಾಲವಿದ್ದ ಮೇಲೆ ಅದು ಜೇಡವಲ್ಲ, ಜೇಡದ ದಾಯಾದಿ. ವಂಶವೃಕ್ಷದಲ್ಲಿ ಅದರ ಕೊಂಬೆಯೇ ಬೇರೆ.

ಮೊದಲ ಹೋಳಿನಲ್ಲೂ ಅದೇ ಜಾಗದಲ್ಲಿ ಒಂದು ಎಳೆ ಇತ್ತು. ಯಾವುದೋ ಬೇರಿನ ನಾರು, ತೆಗೆದುಬಿಡು ಎಂದು ತಂಗಿ ಹೇಳಿದ್ದಳು. ಅಕ್ಕ ಕೆರೆದು, ಉಫ್ ಎಂದು ಊದಿಬಿಟ್ಟಿದ್ದಳು. ಚಿಕ್ಕವಳಿಗೆ ಗೊತ್ತಾಗದಿದ್ದರೆ ಹೋಗಲಿ, ಇಪ್ಪತ್ತು ವರ್ಷ ಕಲ್ಲು ಕೆರೆದವಳಿಗೆ ತಿಳಿಯಬಾರದಿತ್ತೇ? ತಂಗಿಯ ಮೂರು ವರ್ಷದ ದುಡಿಮೆಯನ್ನು ತನ್ನ ಕೈಯಾರೆ ಮಣ್ಣುಪಾಲು ಮಾಡಿದೆನಲ್ಲ ಎಂದುಕೊಳ್ಳುತ್ತ ಹೋಳನ್ನು ಎತ್ತಿಕೊಂಡು ತಂಗಿಯ ಕೋಣೆಗೆ ಹೊರಟಳು.

ಮೆಟ್ಟಿಲಲ್ಲಿ ಎರಡು ಸಲ ನಿಂತಳು. ಕಾವಲುಗಾರ ಕಲ್ಲು ಭಾರವೇ ಎಂದು ಕೇಳಿದ. ಅಂಗೈಯಗಲದ ಹೋಳು, ಭಾರವಂತೆ! ಅವನಿಗೇನು ಗೊತ್ತು, ಪಾಪ.

ತಂಗಿಯ ಕೋಣೆಯಲ್ಲಿ ಹೋಳನ್ನು ಮಸೂರದಡಿ ಇಟ್ಟು, ತಪ್ಪೆಲ್ಲ ತನ್ನದೇ ಎಂದು ತಡವರಿಸುತ್ತ ಒಪ್ಪಿಕೊಂಡಳು. ತಂಗಿ ಬಗ್ಗಿ ನೋಡಿದಳು. ಆಮೇಲೆ ಎದ್ದು ಬಾಗಿಲು ಹಾಕಿದಳು.

"ಅದು ನಾರಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು ಅಕ್ಕ. ಆ ಹೋಳು ಇಲ್ಲೇ ಬಿಟ್ಟು ಹೋಗು."

ಅಕ್ಕ ಬೈಸಿಕೊಳ್ಳಲು ಸಿದ್ಧಳಾಗಿ ಬಂದಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಹೋಳನ್ನು ಹತ್ತಿಯಲ್ಲಿ ಸುತ್ತಿ ಎದೆಗವಚಿಕೊಂಡಳು.

"ನಿರ್ದೇಶಕರ ಹತ್ರ ನೀನು ಹೇಳ್ತೀಯ, ನಾನು ಹೇಳ್ಲಾ?"